ಕಿಟಕಿಕಟ್ಟೆಯ ಬೂದಿಬಟ್ಟಲು

ಮೊದಲು ಒಂದು ಕಿರ್ರ್ ಸದ್ದು, ಉದ್ದಕ್ಕೆ, ಯಾರೋ ಹಳೆಯ ಟ್ರಂಕಿನ ಮುಚ್ಚಳ ಎತ್ತಿದಂತೆ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಧಡ್. ಚಹಾ ಹೋಟೆಲಿನ ಹಿಂಬಾಗಿಲಿಗೆ ಸ್ಪ್ರಿಂಗ್ ಹಾಕಿಸಿದ ದಿನದಿಂದ ಆ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದೇ ಸದ್ದು. ಸ್ಪ್ರಿಂಗ್ ಬಹಳ ಗಟ್ಟಿಯದು. ಹೊರಗೆ ಬಂದವರು ಕೈಬಿಟ್ಟರೆ ಸಾಕು, ಬಾಗಿಲು ಮುನಿಸಿಕೊಂಡಂತೆ ಹಿಂದಕ್ಕೆ ಹೋಗಿ ಚೌಕಟ್ಟಿಗೆ ಬಡಿದುಕೊಳ್ಳುತ್ತದೆ.

ಬಾಗಿಲಿನಿಂದ ಎಂಟು ಹೆಜ್ಜೆಗೆ ಒಂದು ಕಿಟಕಿ. ಅದರ ಒಳಗೆ ಮಂಚದ ಮೇಲೆ ಕೂತು ದಿಂಬಿನ ಚೀಲ ಹೊಲಿಯುವ ಹೆಂಗಸು ಪ್ರತಿ ಧಡ್‌ಗೂ ಸೂಜಿ ನಿಲ್ಲಿಸುತ್ತಾಳೆ. ಬಾಗಿಲು ಬಡಿಯುವ ರೀತಿಯಲ್ಲೇ ಬಂದವರು ಯಾರೆಂದು ಅವಳಿಗೆ ಗೊತ್ತಾಗುತ್ತದೆ. ಕೊನೆಯವರೆಗೂ ಹಿಡಿದು ಮೆಲ್ಲಗೆ ಬಿಟ್ಟರೆ ಡ್ರಾಯಿಂಗ್ ಮೇಷ್ಟ್ರು. ಎರಡು ಸಲ ಬಡಿದರೆ ಬೀಗ ರಿಪೇರಿಯವನು, ಎರಡೂ ಕೈಯಲ್ಲಿ ಲೋಟ ಹಿಡಿದು ಬಾಗಿಲನ್ನು ಕಾಲಿನಿಂದ ಒದೆಯುವುದು ಅವನ ಪದ್ಧತಿ. ಆಮೇಲೆ ಕಡ್ಡಿ ಗೀರುವ ಸದ್ದು. ಅವಳು ಎದ್ದು ಕಿಟಕಿ ಮುಚ್ಚುತ್ತಾಳೆ.

ಹೇಳಬೇಕಾದ್ದು ಅವಳ ಗಂಡನ ವಿಷಯ. ಅವನಿಗೊಂದು ಹೆಸರಿದೆ, ಗುರುತಿನ ಚೀಟಿಯಲ್ಲಿ ಅಚ್ಚಾಗಿಯೂ ಇದೆ, ಆದರೆ ಆ ಹೆಸರು ಹಿಡಿದು ಕರೆಯುವವರಿಲ್ಲ. ಮೂವತ್ತೊಂದು ವರ್ಷದಿಂದ ಅದೇ ಹೋಟೆಲಿನಲ್ಲಿ ಸಪ್ಲೈಯರ್. ಯಾವ ಟೇಬಲ್ಲಿನಿಂದ ಯಾರು ಕೂಗಿದರೂ "ಬಂದೆ" ಅನ್ನುತ್ತಾನೆ, ಕಾಲಿಗಿಂತ ಮೊದಲು ಮಾತು ಹೊರಟುಬಿಡುತ್ತದೆ. ಹಾಗಾಗಿ ಎಲ್ಲರ ಬಾಯಲ್ಲಿ ಬಂದೆಣ್ಣ. ಹೆಣ್ಣು ನೋಡಲು ಹೋದ ದಿನ ಮಾವನಾಗುವವರು ಹೆಸರು ಹಿಡಿದು ಮೂರು ಸಲ ಕರೆದರೂ ತಿರುಗಿ ನೋಡಲಿಲ್ಲವಂತೆ, ಒಳಗಿನಿಂದ ಯಾರೋ "ಇನ್ನೊಂದು ಲೋಟ ನೀರು" ಎಂದರೆ ತಟ್ಟನೆ "ಬಂದೆ" ಎಂದು ಎದ್ದುಬಿಟ್ಟನಂತೆ. ಹುಡುಗ ಕಿವುಡನೋ ಪೆದ್ದನೋ ಎಂದು ಮಾವ ಯೋಚನೆಗೆ ಬಿದ್ದರು, ಇಂಥವನು ಮಾತು ಕೇಳುತ್ತಾನೆ ಎಂದು ನಾನು ಒಪ್ಪಿದೆ ಅನ್ನುತ್ತಾಳೆ ಹೆಂಡತಿ. ಹೇಳುವಾಗ ನಗುತ್ತಾಳೆ. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತದೆ.

ಅವನಿಗೆ ಕೆಲಸ ಕಲಿಸಿದವರು ಹಳೆಯ ಯಜಮಾನರು, ಈಗ ಗಲ್ಲಾದಲ್ಲಿ ಕೂರುವವರ ತಂದೆ. ಗಿರಾಕಿ ಕೂತು ಬಾಯಿ ತೆರೆಯುವ ಮೊದಲೇ ಅವನ ಎದುರಿಗೆ ನೀರಿನ ಲೋಟವೂ ಬೂದಿಬಟ್ಟಲೂ ಇರಬೇಕು ಎನ್ನುವುದು ಅವರ ಮೊದಲ ಪಾಠ. ಗಿರಾಕಿಗೆ ಇಲ್ಲ ಎಂದು ಹೇಳಕೂಡದು, ನೋಡ್ತೀನಿ ಎನ್ನಬೇಕು. ಅವನು ತನ್ನ ಮನೆಯ ಕಥೆ ಹೇಳಿಕೊಳ್ಳಲು ಬರುತ್ತಾನೆ, ನಿನ್ನ ಮನೆಯದನ್ನು ಕೇಳಲು ಬರುವುದಿಲ್ಲ. ಏಳಿ ಎಂದು ಯಾರಿಗೂ ಅನ್ನಬಾರದು. ಮುಚ್ಚುವ ಹೊತ್ತಾದರೆ ದೂರದ ಟೇಬಲ್ಲಿನಿಂದ ಒಂದೊಂದೇ ಕುರ್ಚಿಯನ್ನು ಮಗುಚಿ ಮೇಲಿಡುತ್ತ ಬರಬೇಕು, ತಿಳಿಯಬೇಕಾದವರಿಗೆ ತಿಳಿಯುತ್ತದೆ. ಬಂದೆಣ್ಣ ಇದೆಲ್ಲವನ್ನೂ ಇಪ್ಪತ್ತನೇ ವಯಸ್ಸಿನಲ್ಲಿ ಕಲಿತ, ಮತ್ತೆ ಬೇರೆ ಏನನ್ನೂ ಕಲಿಯುವ ಪ್ರಸಂಗ ಬರಲಿಲ್ಲ.

ಹನ್ನೆರಡು ಕಲ್ಲುಹಾಸಿನ ಟೇಬಲ್ಲು, ಇಪ್ಪತ್ತನಾಲ್ಕು ಹಿತ್ತಾಳೆಯ ಬೂದಿಬಟ್ಟಲು, ಪ್ರತಿಯೊಂದರ ತಳದಲ್ಲಿ ಹೋಟೆಲಿನ ಮುದ್ರೆ. ದಿನಾ ಬೆಳಗ್ಗೆ ಅವುಗಳನ್ನು ಅವುಗಳದೇ ಬೂದಿಯಿಂದ ತಿಕ್ಕಿ ಹೊಳಪು ಮಾಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಹೊಗೆ ಫ್ಯಾನಿನ ಕೆಳಗೆ ಚಾದರದಂತೆ ಹಾಸಿರುತ್ತಿತ್ತು. ಬಂದೆಣ್ಣ ಉದ್ದನೆಯ ಮನುಷ್ಯ, ಅದರ ಕೆಳಗೆ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದ. ಇಷ್ಟು ವರ್ಷ ಹೊಗೆಯಲ್ಲಿ ಮಿಂದರೂ ಒಂದು ದಿನವೂ ತುಟಿಗೆ ಇಟ್ಟವನಲ್ಲ.

ಅವನ ಕೋಣೆ ಹೋಟೆಲಿನ ಬೆನ್ನಿಗೇ ಇದೆ. ಕೆಲಸದ ಜೊತೆ ಬಂದ ಕೋಣೆ, ಕೆಲಸ ಹೋದರೆ ಅದೂ ಹೋಗುತ್ತದೆ. ಒಂದು ಗೋಡೆಯ ಆಚೆ ಹೋಟೆಲಿನ ಬಾಯ್ಲರ್ ಇರುವುದರಿಂದ ಆ ಗೋಡೆ ಯಾವಾಗಲೂ ಬೆಚ್ಚಗೆ. ಇನ್ನೆರಡು ಗೋಡೆಗಳ ಆಚೆ ಬೇರೆಯವರ ಗೋದಾಮು. ಗಾಳಿ ಬರುವುದು ಓಣಿಯ ಕಡೆಗಿರುವ ಬಾಗಿಲಿನಿಂದ, ಮತ್ತು ಆ ಒಂದು ಕಿಟಕಿಯಿಂದ. ಹೆಂಡತಿ ಹದಿನಾಲ್ಕು ವರ್ಷ ಹಾಸಿಗೆ ತಯಾರಿಸುವ ಶೆಡ್ಡಿನಲ್ಲಿ ಹತ್ತಿ ಬಿಡಿಸುವ ಕೆಲಸ ಮಾಡಿದವಳು. ಹತ್ತಿಯ ನವಿರು ಎದೆಗೆ ಇಳಿದು ಅಲ್ಲೇ ಮನೆ ಮಾಡಿತು. ಉಸಿರು ಎಳೆದುಕೊಳ್ಳುವಾಗ ಎದೆಯೊಳಗೆ ಸಣ್ಣ ಸೀಟಿ. ನೀಲಿ ಬಣ್ಣದ ಔಷಧದ ಪಂಪು ಸದಾ ದಿಂಬಿನ ಪಕ್ಕ. ಡಾಕ್ಟರಮ್ಮ ಬಂದೆಣ್ಣನನ್ನು ಹತ್ತಿರ ಕರೆದು, "ಹತ್ತಿ ಅರ್ಧ ಕೆಲಸ ಮಾಡಿ ಆಗಿದೆ. ಉಳಿದರ್ಧ ಹೊಗೆ ಮಾಡದ ಹಾಗೆ ನೋಡ್ಕೊಳ್ಳಿ" ಎಂದಿದ್ದರು. ಅಂದಿನಿಂದ ಅವನು ಅಂಗಿಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ, ಓಣಿಯ ನಲ್ಲಿಯಲ್ಲಿ ತಲೆ ಮುಖ ತೊಳೆದುಕೊಂಡೇ ಒಳಗೆ ಕಾಲಿಡುತ್ತಿದ್ದ. ಚಳಿಗಾಲದಲ್ಲೂ. ಅಕ್ಕಪಕ್ಕದವರು ಮಡಿ ಮನುಷ್ಯ ಎಂದು ನಗುತ್ತಿದ್ದರು.

ಆಮೇಲೆ ಕಾನೂನು ಬಂತು. ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲಿ ಇನ್ನು ಯಾರೂ ಸೇದುವಂತಿಲ್ಲ. ಗಲ್ಲಾದ ಮೇಲೆ ಕೆಂಪು ಅಕ್ಷರದ ಬೋರ್ಡು ಬಿತ್ತು. ಯಜಮಾನರು ಮುಖ ಗಂಟುಹಾಕಿಕೊಂಡು, ಬೂದಿಬಟ್ಟಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಒಳಗಿಡು ಎಂದರು. ಬಂದೆಣ್ಣ ತುಂಬುವಾಗ ಪ್ರತಿಯೊಂದನ್ನೂ ಕಾಗದದಲ್ಲಿ ಸುತ್ತಿದ. ಯಾಕೆ ಸುತ್ತುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ, ಆದರೆ ಎದೆಯೊಳಗೆ ಏನೋ ಹಗುರವಾಗಿತ್ತು.

ಮೊದಲ ವಾರ ಮುಗಿದ ಸಂಜೆ ಅವನು ಎಂದಿನಂತೆ ಹೊರಗೆ ಅಂಗಿಯ ಗುಂಡಿ ಬಿಚ್ಚುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದಳು. ಬಿಚ್ಚಬೇಡಿ ಎಂದಳು. ಅವನ ಭುಜಕ್ಕೆ ಮೂಗಿಟ್ಟು ನಿಧಾನವಾಗಿ ಉಸಿರೆಳೆದುಕೊಂಡಳು. ಹಾಲು, ಚಹಾಸೊಪ್ಪು, ಒಂದಿಷ್ಟು ಬೆವರು. ಡಾಕ್ಟರಮ್ಮ ಹೇಳಿದ ಮೇಲೆ ಗಂಡ ಕೆಲಸದ ಅಂಗಿಯಲ್ಲಿ ಹೊಸ್ತಿಲು ದಾಟಿದ್ದು ಆವತ್ತೇ ಮೊದಲು. ಅವಳು ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಮಲಗಿದಳು.

ಅದು ಹದಿನೇಳು ದಿನ ನಡೆಯಿತು.

ಸೇದುವವರು ಮೊದಲು ಹೋಟೆಲಿನ ಮುಂದಿನ ಬೀದಿಯಲ್ಲಿ ನಿಂತರು. ಪಕ್ಕದ ಬಟ್ಟೆ ಅಂಗಡಿಯವರು ಬಂದು, ನಮ್ಮ ಬಿಳಿ ಬಟ್ಟೆಗೆ ವಾಸನೆ ಹಿಡಿಯುತ್ತದೆ, ಹೆಂಗಸರು ಒಳಗೆ ಬರಲು ಹಿಂಜರಿಯುತ್ತಾರೆ ಎಂದು ತಕರಾರು ತೆಗೆದರು. ಎದುರಿಗೆ ಮಕ್ಕಳ ಶಾಲೆ, ಅಲ್ಲಿಯೂ ನಿಲ್ಲುವಂತಿಲ್ಲ. ಯಜಮಾನರು ಯೋಚಿಸಿ ವರ್ಷಗಳಿಂದ ಮುಚ್ಚಿದ್ದ ಹಿಂಬಾಗಿಲು ತೆಗೆಸಿದರು. ಹೊಗೆ ತಿರುಗಿ ಒಳಗೆ ಬಂದರೆ ದಂಡ ಬೀಳುತ್ತದೆ, ಬಾಗಿಲು ಸದಾ ಮುಚ್ಚಿರಬೇಕು. ಅದಕ್ಕೆ ಆ ಸ್ಪ್ರಿಂಗ್. ಹಾಕಿಕೊಟ್ಟವನು ಬೀಗದವನೇ. ಮೊದಲ ಸಲ ಬಾಗಿಲು ದಾಟಿ ಹೊರಗೆ ಬಂದು ಸಿಗರೇಟು ಹಚ್ಚಿದವನೂ ಅವನೇ.

ಒಂದು ತಿಂಗಳೊಳಗೆ ಓಣಿಗೆ ಹೆಸರು ಬಂತು. ಅಡುಗೆಮನೆಯಲ್ಲಿ ಅದನ್ನು ಹದಿಮೂರನೇ ಟೇಬಲ್ ಎನ್ನತೊಡಗಿದರು. ಹದಿಮೂರಕ್ಕೆ ನಾಲ್ಕು, ಹದಿಮೂರಕ್ಕೆ ಎರಡು ಸ್ಟ್ರಾಂಗು. ಚಹಾ ಮಾಡುವವನು ಲೋಟಗಳನ್ನು ಕಟ್ಟೆಯ ಮೇಲಿಟ್ಟು ಗಂಟೆ ಒತ್ತಿದರೆ ಬಂದೆಣ್ಣ ಎತ್ತಿಕೊಂಡು ಹಿಂಬಾಗಿಲು ದಾಟುತ್ತಿದ್ದ, ತನ್ನದೇ ಕಿಟಕಿಯ ಕೆಳಗೆ ನಿಂತವರಿಗೆ ಹಂಚುತ್ತಿದ್ದ. ಕಿಟಕಿಯ ಕಟ್ಟೆ ಎದೆಯ ಎತ್ತರಕ್ಕಿತ್ತು, ಲೋಟ ಇಡಲು ಹೇಳಿ ಮಾಡಿಸಿದಂತೆ. ಓಣಿಯ ಇನ್ನೊಂದು ತುದಿಗೆ ಎತ್ತರದ ಗೋಡೆ. ಹೊಗೆ ಆ ಕಡೆ ಹೋಗಲು ದಾರಿಯಿಲ್ಲದೆ, ತೆರೆದಿದ್ದ ಆ ಒಂದು ಕಿಟಕಿಯನ್ನು ಹುಡುಕಿಕೊಳ್ಳುತ್ತಿತ್ತು.

ಹೀಗೆ ಅವನ ಅಂಗಿ ಶುದ್ಧವಾಯಿತು, ಅವಳ ದಿಂಬಿನ ಚೀಲಗಳಿಗೆ ಹೊಗೆಯ ವಾಸನೆ ಹಿಡಿಯಿತು. ದಿನವಿಡೀ ಒಳ್ಳೆಯ ಗಾಳಿಯಲ್ಲಿ ಓಡಾಡಿ ಬಂದ ಗಂಡ ಹೊಸ್ತಿಲಲ್ಲಿ ನಿಂತು ಮನೆಯ ವಾಸನೆ ನೋಡುತ್ತಿದ್ದ. ಕಿಟಕಿ ಮುಚ್ಚಿದರೆ ಬಾಯ್ಲರಿನ ಗೋಡೆಯಿಂದ ಕೋಣೆ ಕುದಿಯುತ್ತಿತ್ತು. ತೆರೆದರೆ ಕೆಮ್ಮು. ಅವಳು ಅರ್ಧ ಗಂಟೆಗೊಮ್ಮೆ ಎದ್ದು ಮುಚ್ಚುವುದು, ತೆರೆಯುವುದು ಮಾಡುತ್ತಿದ್ದಳು. ಒಂದು ದಿನ ಅಂದಳು, "ನಿಮ್ಮ ಕಾನೂನು ನಿಮಗೆ ಬಂತು. ನನ್ನ ಪಾಲಿಗೆ ಅದರ ಹೊಗೆ ಬಂತು."

ಹೇಳಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಅವನು ಹೇಳಿದ, ತನಗೆ ಗೊತ್ತಿದ್ದ ಭಾಷೆಯಲ್ಲಿ. ಗಿರಾಕಿಗಳು ನಿಂತಿದ್ದಾಗಲೇ ಕಿಟಕಿಯ ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ. ಟೇಬಲ್ಲಿನಲ್ಲಿ ಹಾಗೆ ಎರಡು ಸಲ ಒರೆಸಿದರೆ ಯಾರಾದರೂ ಏಳುತ್ತಾರೆ. ಇಲ್ಲಿ ಡ್ರಾಯಿಂಗ್ ಮೇಷ್ಟ್ರು ತಮ್ಮ ಲೋಟವನ್ನು ಎತ್ತಿ ಹಿಡಿದು, ಒರೆಸಿದ ಮೇಲೆ ಅಲ್ಲೇ ಇಟ್ಟರು. ಮರುದಿನ ಓಣಿಗೆ ಬಕೆಟ್ಟಿನಿಂದ ನೀರು ಹೊಯ್ದ. ಅವರು ಒಂದೊಂದೇ ಕಾಲು ಎತ್ತಿಕೊಟ್ಟು, ಬಿಸಿಲಿಗೆ ತಂಪಾಯಿತು, ಪುಣ್ಯ ಬರಲಿ ನಿನಗೆ ಎಂದು ಹರಸಿದರು. ಮಗುಚಿಡಲು ಅಲ್ಲಿ ಕುರ್ಚಿಗಳೂ ಇರಲಿಲ್ಲ.

ಅವರು ಕೆಟ್ಟವರೂ ಅಲ್ಲ. ಮೇಷ್ಟ್ರು ನಿವೃತ್ತರಾಗಿ ಒಂಬತ್ತು ವರ್ಷ, ಬೆಳಗ್ಗೆ ಹತ್ತಕ್ಕೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬರುತ್ತಾರೆ. ಹೊಗೆ ಬಿಟ್ಟು, ಮುಚ್ಚಿದ ಕಿಟಕಿಯ ಕಡೆ ಬಾಗಿ, "ಹೇಗಿದ್ದೀರಮ್ಮ? ಕೆಮ್ಮು ಕೇಳಿಸ್ತು. ಶುಂಠಿ ಜಜ್ಜಿ ಜೇನುತುಪ್ಪದಲ್ಲಿ ತಗೊಳ್ಳಿ" ಎಂದು ವಿಚಾರಿಸುತ್ತಾರೆ. ಅವರು ಒಮ್ಮೆ ಬಂದೆಣ್ಣನ ಬಳಿ ತಮ್ಮ ಪಾಡು ಹೇಳಿಕೊಂಡಿದ್ದರು. ಒಳಗೆ ಕಾನೂನು, ಮುಂದೆ ಬಟ್ಟೆ ಅಂಗಡಿ, ಮನೆಯಲ್ಲಿ ಸೊಸೆ. ಎಲ್ಲರೂ ಸೇರಿ ಅಟ್ಟಿಕೊಂಡು ಬಂದು ಈ ನಾಲ್ಕು ಅಡಿ ಜಾಗದಲ್ಲಿ ನಿಲ್ಲಿಸಿದ್ದಾರೆ. ಹಿಂದೆ ಟೇಬಲ್ಲಿನಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದೆವು, ಈಗ ಕಳ್ಳರ ಹಾಗೆ ನಿಂತು ಸೇದುತ್ತೇವೆ. ಬಂದೆಣ್ಣ ಕೇಳಿಸಿಕೊಂಡ. ಹೌದು ಮೇಷ್ಟ್ರೆ ಎಂದ. ಅವನ ಮನೆಯ ಕಥೆ ಗಂಟಲವರೆಗೆ ಬಂದು ಅಲ್ಲೇ ಕೂತಿತು.

ಬೂದಿಬಟ್ಟಲಿನ ತಪ್ಪು ಆಗಿದ್ದು ಅದೇ ವಾರ. ಓಣಿಯ ತುಂಬ ಸಿಗರೇಟಿನ ತುಂಡುಗಳು. ಸಂಜೆ ಹೆಂಡತಿ ಬಗ್ಗಿ ಗುಡಿಸುತ್ತಿದ್ದಳು, ಬಗ್ಗಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಮರುದಿನ ಮೇಷ್ಟ್ರು ಮುಗಿದ ಸಿಗರೇಟನ್ನು ಬೆರಳ ತುದಿಯಲ್ಲಿ ಹಿಡಿದು ಸುತ್ತಮುತ್ತ ನೋಡಿದರು, ನೆಲಕ್ಕೆ ಎಸೆಯಲು ಅವರಿಗೆ ಮನಸ್ಸಿರಲಿಲ್ಲ, ಕೊನೆಗೆ ಕಿಟಕಿಯ ಕಟ್ಟೆಗೆ ಒತ್ತಿ ನಂದಿಸಿದರು. ಸುಣ್ಣದ ಮೇಲೆ ಒಂದು ಕಪ್ಪು ಚುಕ್ಕೆ. ಬಂದೆಣ್ಣ ಆಗಷ್ಟೇ ಲೋಟ ತೆಗೆದುಕೊಳ್ಳಲು ಬಂದಿದ್ದ. ಗಿರಾಕಿಯ ಕೈ ಹೀಗೆ ಗಾಳಿಯಲ್ಲಿ ಹುಡುಕಾಡುವುದನ್ನು ಮೂವತ್ತೊಂದು ವರ್ಷದಲ್ಲಿ ಅವನು ಒಮ್ಮೆಯೂ ಆಗಗೊಟ್ಟಿರಲಿಲ್ಲ. ಒಳಗೆ ಹೋದ, ಗೋಣಿಚೀಲ ಬಿಚ್ಚಿದ, ಒಂದು ಬಟ್ಟಲು ತೆಗೆದು, ಸುತ್ತಿದ್ದ ಕಾಗದದಿಂದಲೇ ಉಜ್ಜಿ ಹೊಳಪು ಬರಿಸಿ, ತಂದು ತನ್ನ ಮನೆಯ ಕಿಟಕಿಕಟ್ಟೆಯ ಮೇಲೆ ಇಟ್ಟ. ಇನ್ನು ಅವಳು ಗುಡಿಸುವುದು ತಪ್ಪಿತು ಎಂದಷ್ಟೇ ಅವನ ತಲೆಯಲ್ಲಿದ್ದದ್ದು.

ಕಿಟಕಿಯ ಗಾಜಿನ ಆಚೆಯಿಂದ ಹೆಂಡತಿ ಅದನ್ನು ನೋಡಿದಳು. ಸೂಜಿಗೆ ದಾರ ಪೋಣಿಸಿದಳು.

ಬೂದಿಬಟ್ಟಲು ಇಟ್ಟ ಮೇಲೆ ಅದು ಓಣಿಯಾಗಿ ಉಳಿಯಲಿಲ್ಲ, ಟೇಬಲ್ಲೇ ಆಯಿತು. ಅಲ್ಲಿಯವರೆಗೆ ಅಲ್ಲಿ ಇಲ್ಲಿ ಚದುರಿ ನಿಲ್ಲುತ್ತಿದ್ದವರು ಬಟ್ಟಲಿನ ಸುತ್ತ ಸೇರಿದರು. ಬಟ್ಟೆ ಅಂಗಡಿಯ ಗುಮಾಸ್ತರೂ ಬಂದರು, ಹಿಂದಿನ ಬೀದಿಯ ಪ್ರೆಸ್ಸಿನವರೂ ಬಂದರು. ಅವನು ಒಮ್ಮೆ ಧೈರ್ಯ ಮಾಡಿ ಬಟ್ಟಲನ್ನು ಎತ್ತಿಟ್ಟ. ಬೀಗದವನು ತಕ್ಷಣ, "ಬಂದೆಣ್ಣ, ನಮ್ಮ ಸಾಮಾನೆಲ್ಲಿ? ಮದುವೆ ಮನೇಲಿ ಎಲೆ ಹಾಕಿ ಎಳ್ಕೊಂಡ ಹಾಗಾಯ್ತಲ್ಲ" ಎಂದ. ಎಲ್ಲರೂ ನಕ್ಕರು. ಬಂದೆಣ್ಣನ ಬಾಯಿಂದ "ಬಂದೆ" ಹೊರಟುಹೋಯಿತು. ಬಟ್ಟಲು ತಿರುಗಿ ಬಂತು.

ಅದಾಗಿ ಕೆಲವೇ ದಿನಕ್ಕೆ ಒಂದು ಮಧ್ಯಾಹ್ನ ನಡೆದದ್ದನ್ನು ಅವನು ಯಾರ ಹತ್ತಿರವೂ ಹೇಳಿಲ್ಲ. ಹದಿಮೂರಕ್ಕೆ ಆರು ಚಹಾ ತಂದಿದ್ದ. ಒಳಗಿನಿಂದ ಗಾಜನ್ನು ಯಾರೋ ತಟ್ಟಿದರು. ಮೇಷ್ಟ್ರು, "ಬಂದೆಣ್ಣ, ನಿಮ್ಮ ಮನೆಯವರು ಕರೀತಿದ್ದಾರೆ" ಎಂದರು. ಅವನು "ಬಂದೆ" ಎಂದ. ಹೇಳಿ, ಒಂದೊಂದೇ ಲೋಟವನ್ನು ಯಾರು ಸಕ್ಕರೆ ಕಡಿಮೆಯವರು, ಯಾರು ಹೆಚ್ಚಿನವರು ನೋಡಿಕೊಂಡು ಹಂಚಿದ. ಟ್ರೇ ಒರೆಸಿದ. ಗಾಜಿನ ಸದ್ದು ನಿಂತಿತ್ತು. ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದರೆ ಅವಳು ಮಂಚದ ಕಾಲಿಗೆ ಒರಗಿ ಕೂತಿದ್ದಳು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಪಂಪು ಉರುಳಿ ಮಂಚದ ಕೆಳಗೆ ಗೋಡೆಯ ಹತ್ತಿರ ಹೋಗಿತ್ತು, ಅವಳ ಕೈಗೆ ಒಂದು ಗೇಣು ದೂರದಲ್ಲಿ.

ಐದು ದಿನ ಆಸ್ಪತ್ರೆ. ಡಾಕ್ಟರಮ್ಮ ಈ ಸಲ ಅವನನ್ನು ಬೈಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ಬರುವಷ್ಟು ಹೊತ್ತು ಅವಳ ಹತ್ತಿರ ಇರುವುದಿಲ್ಲ ಎಂದರು.

ವಾಪಸು ಬಂದಾಗ ಓಣಿಯವರು ಕಿತ್ತಳೆ ಹಣ್ಣು ತಂದುಕೊಟ್ಟರು. ಐದಾರು ಜನ ಕಿಟಕಿಯ ಎದುರು ಸಾಲಾಗಿ ನಿಂತು ಕ್ಷೇಮ ಕೇಳಿದರು, ಮರ್ಯಾದೆಗೆಂದು ಸಿಗರೇಟು ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಅವರ ಬೆನ್ನ ಹಿಂದಿನಿಂದ ಹೊಗೆ ಎಳೆಎಳೆಯಾಗಿ ಮೇಲೇಳುತ್ತಿತ್ತು. ಏನಾಗಿತ್ತು ಎಂದು ಮೇಷ್ಟ್ರು ಬಂದೆಣ್ಣನನ್ನು ಕೇಳಿದರು. ಸ್ವಲ್ಪ ಶೀತ ಎಂದ.

ಆಮೇಲೆ ಅವನು ಮೂವತ್ತೊಂದು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಮಧ್ಯಾಹ್ನದ ಬಿಡುವಿನಲ್ಲಿ ಆರೋಗ್ಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟ. ಯಾರ ಮೇಲೆ ದೂರು ಎಂದು ಗುಮಾಸ್ತ ಕೇಳಿದ. ಬಂದೆಣ್ಣ ಹೊಗೆಯ ಮೇಲೆ ಎಂದ. ಗುಮಾಸ್ತ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದನಂತೆ.

ಹತ್ತೊಂಬತ್ತು ದಿನ ಕಳೆದು ಒಬ್ಬಳು ಅಧಿಕಾರಿ ಬಂದಳು. ಇನ್ನೂ ಚಿಕ್ಕ ವಯಸ್ಸು, ಕೈಯಲ್ಲಿ ಅಳತೆ ಟೇಪು, ಮುಖದಲ್ಲಿ ಒಳ್ಳೆಯತನ. ಓಣಿಗೆ ಬಂದು ಅವಳೂ ಎರಡು ಸಲ ಕೆಮ್ಮಿದಳು. ಬಂದೆಣ್ಣನಿಗೆ ಆಸೆ ಹುಟ್ಟಿತು. ಅವಳು ಗೋಡೆಯಿಂದ ಗೋಡೆಗೆ ಅಳೆದಳು, ಆಮೇಲೆ ತಲೆ ಎತ್ತಿ ಮೇಲೆ ನೋಡಿದಳು. ಎರಡು ಗೋಡೆಗಳ ನಡುವೆ ಒಂದು ಪಟ್ಟಿ ಆಕಾಶ.

"ಮೇಲೆ ಸೂರಿಲ್ಲವಲ್ಲ ಅಂಕಲ್. ಇದು ಮುಚ್ಚಿದ ಜಾಗ ಅಲ್ಲ. ನಮ್ಮ ಕಾನೂನಿನೊಳಗೆ ಬರಲ್ಲ."

ಅವನು ಕಿಟಕಿ ತೋರಿಸಿದ. ಅವಳು ಕಿಟಕಿಯ ಹತ್ತಿರ ಬಂದು, ಕಟ್ಟೆಯ ಮೇಲಿನ ಹಿತ್ತಾಳೆಯ ಬಟ್ಟಲನ್ನು ಎತ್ತಿ ತಳ ನೋಡಿದಳು.

"ಇದು ಯಾರು ಇಟ್ಟಿದ್ದು?"

"ನಾನೇ ಮೇಡಂ."

"ನೀವೇ ಜಾಗ ಮಾಡಿಕೊಟ್ಟು, ನೀವೇ ದೂರು ಕೊಟ್ಟಿದ್ದೀರಾ?"

ಅದಕ್ಕೆ ಹೇಳಬೇಕಾದ ಉತ್ತರ ದೊಡ್ಡದಿತ್ತು. ಗುಡಿಸುವ ಹೆಂಡತಿಯಿಂದ ಶುರುವಾಗಿ ಹಳೆಯ ಯಜಮಾನರವರೆಗೆ ಹೋಗಬೇಕಿತ್ತು. ಅವನು, "ಒಂದು ಟೀ ತಗೊಳ್ತೀರಾ ಮೇಡಂ?" ಎಂದ. ಅವಳು ಬೇಡ ಎನ್ನುವ ಮೊದಲೇ ತಂದುಕೊಟ್ಟ. ಅವಳು ನಿಂತೇ ಕುಡಿದು, ಸ್ಥಳ ಮುಚ್ಚಿದ್ದಲ್ಲ ಎಂದು ಬರೆದು, ಕೆಳಗೆ ಅವನ ರುಜು ಪಡೆದು ಹೋದಳು.

ವಿಷಯ ಯಜಮಾನರಿಗೆ ತಿಳಿಯದಿರಲಿಲ್ಲ. ಅವರು ಕೂಗಾಡುವವರಲ್ಲ. ಹನ್ನೆರಡು ಟೇಬಲ್ಲಿನಲ್ಲಿ ಏಳು ಖಾಲಿ ಇರುವುದನ್ನು ಕಣ್ಣಿನಿಂದಲೇ ತೋರಿಸಿ, ಈಗ ಹೋಟೆಲು ನಡೆಯುತ್ತಿರುವುದು ಆ ಓಣಿಯಿಂದ ಎಂದರು. ಅವರೂ ಹೋದರೆ ಇಬ್ಬರು ಸಪ್ಲೈಯರ್ ಯಾಕೆ, ಒಬ್ಬ ಸಾಕು. ಇನ್ನೊಬ್ಬನ ಕಾಲು ನಿನ್ನ ಕಾಲಿಗಿಂತ ಚುರುಕು. ನೀನೇ ಹೇಳು ಅಂದರು. ಬಂದೆಣ್ಣ ಹಿಂಬಾಗಿಲಿಗೆ ಬೀಗ ಹಾಕಿ ಮುಂದಿನಿಂದಲೇ ಕಳಿಸಬಹುದಲ್ಲವೇ ಎಂದು ಕೇಳಿದ. ಬೆಂಕಿ ಬಿದ್ದರೆ ಓಡಲು ಹಿಂಬಾಗಿಲು ತೆರೆದಿರಬೇಕೆಂದು ಬೇರೊಂದು ಕಾನೂನಿದೆ ಎಂದರು ಯಜಮಾನರು. ಅದು ನಿಜವೂ ಆಗಿತ್ತು.

ಬೀಗದವನಿಗೆ ಮಾತ್ರ ಇದು ಒಳ್ಳೆಯ ತಮಾಷೆಯಾಗಿ ಕಂಡಿತು. ಅಧಿಕಾರಿ ಆಕಾಶ ನೋಡಿ ಹೋದಳಂತೆ ಎಂದು ಕೇಳಿದಾಗಿನಿಂದ, "ಅಷ್ಟೇ ತಾನೆ ಬಂದೆಣ್ಣ, ಎರಡು ತಗಡು ತಂದು ಮೇಲೆ ಹಾಕು. ಸೂರು ಬಂದ್ರೆ ಕಾನೂನು ತಾನೇ ಓಡಿ ಬರುತ್ತೆ, ನಾವು ಓಡಿ ಹೋಗ್ತೀವಿ" ಎನ್ನುತ್ತಿದ್ದ. ದೂರು ಕೊಟ್ಟವರು ಬಟ್ಟೆ ಅಂಗಡಿಯವರೆಂದು ಅವನು ತಿಳಿದಿದ್ದ. ಬಂದೆಣ್ಣ ಅವನ ಜೊತೆ ನಕ್ಕ. ಆ ಸಂಜೆ ಕೋಣೆಗೆ ಬಂದು ಕಿಟಕಿಯಿಂದ ತಲೆ ಹೊರಹಾಕಿ, ಎರಡು ಗೋಡೆಗಳ ನಡುವಿನ ಅಗಲವನ್ನು ಕಣ್ಣಿನಲ್ಲೇ ಅಳೆದ. ತಗಡು ಹಾಕಿದರೆ ಕೋಣೆಗೆ ಬರುವ ಅಷ್ಟು ಗಾಳಿಯೂ ನಿಲ್ಲುತ್ತದೆ ಎಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅತ್ತ ದರಿ, ಇತ್ತ ಪುಲಿ.

ಹೆಂಡತಿಯ ತಂಗಿ ಊರಿನ ಇನ್ನೊಂದು ಕೊನೆಯಲ್ಲಿ, ನಾಲ್ಕನೇ ಮಹಡಿಯಲ್ಲಿ ಇರುತ್ತಾಳೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಮಾತು ಬಿಸಿನೀರು. ಅತ್ತೆ, ಮಾವ, ಮೂರು ಮಕ್ಕಳು ಇರುವ ಎರಡು ಕೋಣೆಯ ಮನೆ. ಬಾಲ್ಕನಿಗೆ ಪರದೆ ಕಟ್ಟಿ ಅಕ್ಕನಿಗೆ ಮಂಚ ಹಾಕುತ್ತೇನೆ ಎಂದು ಬಂದು ಕೂತಳು. ಎಷ್ಟು ದಿನ ಎಂದು ಬಂದೆಣ್ಣ ಕೇಳಿದ.

"ದಿನ ಏನು ಭಾವ, ಅವಳ ಉಸಿರು ಇರೋಷ್ಟು ದಿನ. ಇಲ್ಲಿ ಇಟ್ಕೊಂಡ್ರೆ ಅದನ್ನ ಎಣಿಸ್ಬೇಕಾಗುತ್ತೆ."

ಹೆಂಡತಿಗೆ ಹೋಗುವ ಮನಸ್ಸಿರಲಿಲ್ಲ. ತಂಗಿಯ ಮನೆಯಾದರೂ ಬೇರೆಯವರ ಅತ್ತೆಯ ಮನೆ. ಅಲ್ಲಿ ಕೆಮ್ಮುವುದಕ್ಕೂ ಸಂಕೋಚಪಡಬೇಕು. ಇಪ್ಪತ್ತಾರು ವರ್ಷದಲ್ಲಿ ಗಂಡನಿಗೆ ಬಡಿಸದೆ ಉಂಡವಳಲ್ಲ ಅವಳು. ದಿನವಿಡೀ ಬೇರೆಯವರಿಗೆ ಬಡಿಸುವ ಮನುಷ್ಯನಿಗೆ ಯಾರಾದರೂ ಒಬ್ಬರು ಬಡಿಸಬೇಕು ಎನ್ನುವುದು ಅವಳ ಲೆಕ್ಕ. ಚೀಲಕ್ಕೆ ಎರಡು ಸೀರೆ ಇಟ್ಟಳು, ಒಂದನ್ನು ತೆಗೆದಳು. ಆಮೇಲೆ ತಂಗಿಯನ್ನು ನೀರು ತಾ ಎಂದು ಓಣಿಯ ನಲ್ಲಿಗೆ ಕಳಿಸಿ, ಗಂಡನ ಹತ್ತಿರ ಬಂದು ನಿಂತಳು.

"ಒಂದು ಮಾತು ಹೇಳಿ ಅವರಿಗೆ. ಒರೆಸಬೇಡಿ, ನೀರು ಹಾಕಬೇಡಿ. ಬಾಯಿಬಿಟ್ಟು ಹೇಳಿ. ನನ್ನ ಹೆಂಡತಿಗೆ ಉಸಿರಾಡೋಕೆ ಆಗ್ತಿಲ್ಲ ಅನ್ನಿ. ಅಷ್ಟು ಹೇಳಿದ್ರೆ ನಾನು ಈ ಚೀಲ ಬಿಚ್ಚಿಡ್ತೀನಿ. ಕೆಲಸ ಹೋದ್ರೆ ಹೋಗಲಿ, ಇಬ್ಬರೂ ಒಟ್ಟಿಗೆ ಹೊರಗೆ ಬೀಳೋಣ."

ಅವನು ಆಗಲಿ ಎಂದ. ನೋಡ್ತೀನಿ ಅನ್ನಲಿಲ್ಲ. ಅದನ್ನು ಅವಳು ಗಮನಿಸಿದಳು.

ಮಧ್ಯಾಹ್ನ ನಾಲ್ಕರ ಹೊತ್ತು, ಹದಿಮೂರನೇ ಟೇಬಲ್ಲಿಗೆ ತುಂಬಿದ ಗಳಿಗೆ. ಮೇಷ್ಟ್ರು, ಬೀಗದವನು, ಪ್ರೆಸ್ಸಿನ ಮೂವರು, ಹೊಸಬರು ಇಬ್ಬರು. ಕಿಟಕಿಯ ಒಳಗೆ ಅಕ್ಕ ತಂಗಿ ಇಬ್ಬರೂ ಮಂಚದ ಮೇಲೆ ಕೂತಿದ್ದರು, ಚೀಲ ಅವರ ನಡುವೆ. ಗಾಜು ಮುಚ್ಚಿತ್ತು. ಕಿರ್ರ್ ಎಂದಿತು, ಒಂದು ಗಳಿಗೆ ಸುಮ್ಮನಾಯಿತು, ಧಡ್ ಎಂದಿತು. ಈ ಬಡಿತ ಯಾರದೆಂದು ಹೆಂಡತಿಗೆ ತಿಳಿಯಲಿಲ್ಲ, ಯಾಕೆಂದರೆ ಬಂದೆಣ್ಣ ಯಾವತ್ತೂ ಕೈಯಲ್ಲಿ ಏನೂ ಇಲ್ಲದೆ ಆ ಬಾಗಿಲು ದಾಟಿದವನಲ್ಲ. ಇವತ್ತು ಬರಿಗೈಯಲ್ಲಿ ಬಂದಿದ್ದ.

ಬರಿಗೈ ಕಂಡು ಮೇಷ್ಟ್ರು ಹುಬ್ಬೇರಿಸಿದರು. ಬೀಗದವನು, "ಏನು ಬಂದೆಣ್ಣ, ಸುಮ್ಮನೆ ಬಂದೆ? ನೀನೂ ಶುರು ಮಾಡಿದೆಯಾ?" ಎಂದು ಸಿಗರೇಟಿನ ಪೊಟ್ಟಣ ಮುಂದೆ ಚಾಚಿದ. ಯಾರೋ ನಕ್ಕರು. ಬಂದೆಣ್ಣ ನಗಲಿಲ್ಲ. ಕಟ್ಟೆಯ ಹತ್ತಿರ ಹೋಗಿ ಬೂದಿಬಟ್ಟಲನ್ನು ಕೈಗೆತ್ತಿಕೊಂಡ. ಅದು ಬೆಚ್ಚಗಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಅವನ ಮುಖವನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು, ಅವನ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ ಎಂದು ಮೇಷ್ಟ್ರಿಗೆ ಆಗ ತಿಳಿಯಿತು.

"ಮೇಷ್ಟ್ರೆ, ಒಂದು ಮಾತು" ಎಂದ. "ನಾನು ಇಷ್ಟು ದಿನ ಹೇಳಲಿಲ್ಲ. ಇದು ಇಲ್ಲಿ ಇಟ್ಟಿದ್ದು ನನ್ನದೇ ತಪ್ಪು. ಈ ಕಿಟಕಿ ಒಳಗೆ..."

ಗಾಜಿನ ಆಚೆ ಹೆಂಡತಿ ಚೀಲದ ಗಂಟಿನ ಮೇಲೆ ಕೈ ಇಟ್ಟಳು.

"ಹೇಳಪ್ಪ" ಎಂದರು ಮೇಷ್ಟ್ರು, ಸಿಗರೇಟನ್ನು ಕೆಳಗಿಳಿಸಿ.

"ಒಳಗೆ ನಮ್ಮವಳಿದಾಳಲ್ಲ, ಅವಳಿಗೆ ನಿಮ್ಮ..."

ಅಡುಗೆಮನೆಯ ಕಟ್ಟೆಯಿಂದ ಗಂಟೆ ಕೇಳಿತು. ಒಂದು ಸಲ. ಆಮೇಲೆ ಬಿಡದೆ ಮೂರು ಸಲ, ಚಹಾ ಆರುತ್ತಿದೆ ಎನ್ನುವ ಹಾಗೆ. ಬಂದೆಣ್ಣನ ಬಾಯಿ ಇನ್ನೂ ತೆರೆದೇ ಇತ್ತು, ಕಾಲು ಮಾತ್ರ ಆಗಲೇ ತಿರುಗಿತ್ತು. ದಾರಿಯಲ್ಲಿ ಸಿಕ್ಕ ಎರಡು ಖಾಲಿ ಲೋಟಗಳನ್ನು ಬೆರಳುಗಳ ನಡುವೆ ಎತ್ತಿಕೊಂಡ, ಬೂದಿಬಟ್ಟಲನ್ನು ಕೈತಪ್ಪಿ ಬೀಳದಂತೆ ಮತ್ತೆ ಕಿಟಕಿಯ ಕಟ್ಟೆಯ ಮೇಲಿಟ್ಟ, ಭುಜದಿಂದ ಬಾಗಿಲು ತಳ್ಳಿದ. ಹೋಗುತ್ತ ಹೋಗುತ್ತಲೇ ಹೇಳುತ್ತಿದ್ದ, ಅವರ ಕಡೆಗೋ ಕಿಟಕಿಯ ಕಡೆಗೋ ತಿಳಿಯದ ಹಾಗೆ: "ಬಂದೆ, ಒಂದು ನಿಮಿಷ, ಬಂದೇ ಹೇಳ್ತೀನಿ, ಏನಂದ್ರೆ ಅವಳಿಗೆ ಉಸಿರು..."

ಧಡ್.